ಲಾರಿ ಎಂಜಿನ್ ಆಯಿಲ್ ಪರೀಕ್ಷೆ: ವರ್ಷಗಟ್ಟಲೆ ಬಳಸಿದ ಮೇಲೆ ಒಂದು ಮೆಚ್ಚುಗೆ, ಒಂದು ದೂರು

ಗಾಡಿಯ ಎಂಜಿನ್ ಆಯಿಲ್‌ನ ಸ್ಯಾಂಪಲ್ ಲ್ಯಾಬಿಗೆ ಕಳಿಸಿ, ರಿಪೋರ್ಟ್ ನೋಡಿ, ಆಮೇಲೆ ಆಯಿಲ್ ಬದಲಿಸುವ ಪದ್ಧತಿಗೆ ಬಂದು ಕೆಲವು ವರ್ಷಗಳಾದವು. ನನ್ನ ಹತ್ತಿರ ಇರುವುದು ಬೆರಳೆಣಿಕೆಯ ಗಾಡಿಗಳು. ಹೆದ್ದಾರಿಯಲ್ಲಿ ದೂರ ಓಡುವ ಟ್ರೇಲರ್‌ಗಳು, ಜೊತೆಗೊಂದು ಟಿಪ್ಪರ್. ಈ ಸೇವೆಯಿಂದ ನನಗೆ ಆದ ಲಾಭ ದೊಡ್ಡದು. ಆದರೂ ಇವತ್ತು ಬರೆಯಲು ಕೂರಿಸಿದ್ದು ಈಚೆಗೆ ಬಂದ ಒಂದು ರಿಪೋರ್ಟು. ಗಾಡಿ ಓಡಿದಂತೆಲ್ಲ ಇಳಿಯಬೇಕಾದ ಟಿಬಿಎನ್ (ಆಯಿಲ್‌ನಲ್ಲಿ ಉಳಿದಿರುವ ಕ್ಷಾರದ ಅಳತೆ), ಅದೇ ಹಳೇ ಆಯಿಲ್‌ನಲ್ಲಿ ಏರಿದೆ ಎಂದು ಅದು ಹೇಳುತ್ತಿತ್ತು. ಆ ಕಥೆಗೆ ಆಮೇಲೆ ಬರುತ್ತೇನೆ.

ಸ್ಯಾಂಪಲ್ ತೆಗೆಯುವ ಕೆಲಸವನ್ನು ನಾನು ಬೇರೆ ಯಾರಿಗೂ ಬಿಡುವುದಿಲ್ಲ. ಗಾಡಿ ಬಂದು ನಿಂತು ಎಂಜಿನ್ ಇನ್ನೂ ಬಿಸಿಯಿರುವಾಗಲೇ ತೆಗೆಯಬೇಕು. ತಣ್ಣಗಾಗಲು ಬಿಟ್ಟರೆ ಭಾರದ ಕಣಗಳು ಸಂಪಿನ, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಯ, ತಳ ಸೇರುತ್ತವೆ. ಮೊದಲು ಡಿಪ್‌ಸ್ಟಿಕ್‌ನ ಬಾಯಿಯ ಸುತ್ತಲಿನ ದೂಳನ್ನು ಚೊಕ್ಕಟವಾಗಿ ಒರೆಸುತ್ತೇನೆ. ಪ್ರತಿ ಸಲವೂ ಹೊಸ ಪ್ಲಾಸ್ಟಿಕ್ ಕೊಳವೆ. ಅದನ್ನು ಡಿಪ್‌ಸ್ಟಿಕ್‌ನ ಪಕ್ಕ ಹಿಡಿದು ಅಳತೆಗೆ ಗುರುತು ಹಾಕಿದರೆ, ತುದಿ ತಳಕ್ಕೆ ತಾಕದೆ ಆಯಿಲ್‌ನ ನಡುಮಟ್ಟದಲ್ಲಿ ನಿಲ್ಲುತ್ತದೆ. ಕೈಪಂಪನ್ನು ಕೆಲವು ಸಲ ಎಳೆಯುತ್ತಿದ್ದಂತೆ ಕೊಳವೆಯಲ್ಲಿ ಕಪ್ಪು ಆಯಿಲ್ ನಿಧಾನವಾಗಿ ಏರಿ ಬಾಟಲಿಗೆ ಇಳಿಯುವುದನ್ನು ನೋಡುವುದೇ ನನಗೆ ಇಷ್ಟ. ಬಾಟಲಿ ಮುಕ್ಕಾಲು ತುಂಬಿದರೆ ಸಾಕು, ಲ್ಯಾಬಿನವರಿಗೆ ಅಲುಗಿಸಿ ಕಲೆಸಲು ಜಾಗ ಬೇಕು. ಆಯಿಲ್ ಇಳಿಸುವಾಗ ಡ್ರೈನ್ ಪ್ಲಗ್‌ನಿಂದಲೂ ಹಿಡಿಯಬಹುದು, ಆದರೆ ಮೊದಲ ಧಾರೆಯನ್ನು ಹರಿಯಲು ಬಿಟ್ಟು ನಡುವಿನದನ್ನು ಹಿಡಿಯಬೇಕು. ಯಾವ ದಾರಿ ಹಿಡಿದರೂ ಕೊನೆತನಕ ಅದನ್ನೇ ಹಿಡಿಯಬೇಕು. ಒಮ್ಮೆ ಹಾಗೆ, ಒಮ್ಮೆ ಹೀಗೆ ತೆಗೆದ ಸ್ಯಾಂಪಲ್‌ಗಳನ್ನು ಒಂದಕ್ಕೊಂದು ಹೋಲಿಸಲಾಗುವುದಿಲ್ಲ.

ಬಾಟಲಿಯ ಚೀಟಿಯಲ್ಲಿ ಎಂಜಿನ್ ಎಷ್ಟು ಓಡಿದೆ, ಈ ಆಯಿಲ್ ಎಷ್ಟು ಓಡಿದೆ, ನಡುವೆ ಎಷ್ಟು ಲೀಟರ್ ಟಾಪ್‌ಅಪ್ ಆಗಿದೆ, ಈ ಮೂರನ್ನೂ ಬರೆಯುತ್ತೇನೆ. ಮೂರನೆಯದನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ. 30 ಲೀಟರ್ ಹಿಡಿಯುವ ಸಂಪಿಗೆ ನಡುವೆ 6 ಲೀಟರ್ ಹೊಸ ಆಯಿಲ್ ಬಿದ್ದಿದ್ದರೆ, ಎಂಜಿನ್ ಸವೆದು ಆಯಿಲ್‌ಗೆ ಸೇರಿದ ಕಬ್ಬಿಣದ ಅಂಕಿ ನಿಜಕ್ಕಿಂತ ಕಡಿಮೆ ಕಾಣುತ್ತದೆ, ಟಿಬಿಎನ್ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಆಯಿಲ್ ತಿನ್ನುವ ಎಂಜಿನ್ನಿನ ರಿಪೋರ್ಟು ಕಣ್ಣಿಗೆ ಸೊಗಸಾಗಿರುವುದು ಹೀಗೆ.

ಆಯಿಲ್ ಕಪ್ಪಾಯಿತು, ಬದಲಿಸಬೇಕು ಎನ್ನುವ ಡ್ರೈವರ್‌ಗಳು ಈಗಲೂ ಇದ್ದಾರೆ. ಡೀಸೆಲ್ ಎಂಜಿನ್ನಿಗೆ ಹೊಸ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸುವಷ್ಟರಲ್ಲೇ ಅದು ಕಪ್ಪಾಗುತ್ತದೆ. ಮಸಿಯನ್ನು ಒಂದೆಡೆ ಗಟ್ಟಿಯಾಗಲು ಬಿಡದೆ ತನ್ನಲ್ಲಿ ತೇಲಿಸಿಕೊಳ್ಳುವುದು ಅದರ ಕೆಲಸ. ಬಣ್ಣದಿಂದ ಏನೂ ತಿಳಿಯುವುದಿಲ್ಲ. ಬೆರಳುಗಳ ನಡುವೆ ತಿಕ್ಕಿ ನೋಡಿದರೂ ತಿಳಿಯುವುದಿಲ್ಲ. 15ಡಬ್ಲ್ಯೂ-40 ದರ್ಜೆಯ ಆಯಿಲ್‌ನ ಸ್ನಿಗ್ಧತೆ (ಮಂದತನ) 100 ಡಿಗ್ರಿ ಶಾಖದಲ್ಲಿ 12.5ರಿಂದ 16.3 ಸೆಂಟಿಸ್ಟೋಕ್‌ಗಳ ನಡುವೆ ಇರಬೇಕು. ಅದು ಗಡಿ ದಾಟಿದ್ದನ್ನು ಬೆರಳು ಹೇಳಲಾರದು.

ನನ್ನ ಮೆಚ್ಚುಗೆಯೆಲ್ಲ ಒಂದು ಸಣ್ಣ ಲೆಕ್ಕದ ಮೇಲಿದೆ. ಕಬ್ಬಿಣದ ಪಿಪಿಎಂ (ಹತ್ತು ಲಕ್ಷಕ್ಕೆ ಎಷ್ಟು ಭಾಗ ಎಂಬ ಅಳತೆ) ಅನ್ನು ಆಯಿಲ್ ಓಡಿದ ಸಾವಿರ ಕಿಲೋಮೀಟರ್‌ಗಳಿಂದ ಭಾಗಿಸುತ್ತೇನೆ. 20,000 ಕಿಲೋಮೀಟರಿಗೆ 40, 30,000ಕ್ಕೆ 60 ಬಂದರೆ ಎರಡರಲ್ಲೂ ಸವೆತದ ವೇಗ ಒಂದೇ, ಆಯಿಲ್ ಇನ್ನೂ ಕಾಯುತ್ತಿದೆ. ಅದೇ 30,000ಕ್ಕೆ 90 ಬಂದರೆ ಕೊನೆಯ ಹತ್ತು ಸಾವಿರದಲ್ಲೇ 50 ಸೇರಿದೆ ಎಂದರ್ಥ. ಆ ಆಯಿಲ್ ಅಷ್ಟು ದೂರ ಓಡಬಾರದಿತ್ತು. ಹೆದ್ದಾರಿಯ ಗಾಡಿಗಳಲ್ಲಿ ಈ ಲೆಕ್ಕ ನೋಡಿಕೊಂಡೇ ಅವಧಿಯನ್ನು ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ತಳ್ಳಿದ್ದೇನೆ, ಅದೂ ವಾರಂಟಿ ಮುಗಿದ ಗಾಡಿಗಳಲ್ಲಿ ಮಾತ್ರ. ವಾರಂಟಿ ಇರುವಾಗ ತಯಾರಕರು ಬರೆದುಕೊಟ್ಟ ಅವಧಿ ಮೀರಬೇಕಾದರೆ ಅವರ ಒಪ್ಪಿಗೆ ಲಿಖಿತವಾಗಿ ಕೈಯಲ್ಲಿರಬೇಕು.

ಟಿಪ್ಪರ್‌ನಲ್ಲಿ ಆಗಿದ್ದು ಇದಕ್ಕೆ ತದ್ವಿರುದ್ಧ. ಅದು ಓಡುವುದಕ್ಕಿಂತ ಎಂಜಿನ್ ಚಾಲೂ ಇಟ್ಟುಕೊಂಡು ಸಾಲಿನಲ್ಲಿ ನಿಲ್ಲುವುದೇ ಹೆಚ್ಚು. ಓಡೋಮೀಟರ್ ತೆವಳುತ್ತದೆ, ಎಂಜಿನ್ ಮಾತ್ರ ದುಡಿಯುತ್ತಲೇ ಇರುತ್ತದೆ. ರಿಪೋರ್ಟಿನಲ್ಲಿ ಆಯಿಲ್ ತೆಳುವಾಗಿತ್ತು, ಡೀಸೆಲ್ ಬೆರೆತಿತ್ತು, ಮಸಿಯೂ ಏರಿತ್ತು. ಇಂಜೆಕ್ಟರ್‌ಗಳನ್ನು ಪರೀಕ್ಷೆ ಮಾಡಿಸಿದೆ, ಅವು ಸರಿಯಿದ್ದವು; ಕಾರಣ ಆ ನಿಂತ ಹೊತ್ತೇ. ಈಗ ಅದರ ಆಯಿಲ್ ಅವಧಿಯನ್ನು ಎಂಜಿನ್ ಓಡಿದ ಗಂಟೆಗಳ ಮೇಲೆ ಎಣಿಸುತ್ತೇನೆ, ಮೊದಲಿಗಿಂತ ಬೇಗ ಬದಲಿಸುತ್ತೇನೆ. ಪರೀಕ್ಷೆಯಿಂದ ಖರ್ಚು ಹೆಚ್ಚಾದ ಗಾಡಿ ಅದೊಂದೇ, ಆ ಖರ್ಚಿನ ಬಗ್ಗೆ ನನಗೆ ಬೇಸರವಿಲ್ಲ.

ಇನ್ನೊಂದು ಸಲ ಟ್ರೇಲರ್ ಒಂದರಲ್ಲಿ ಸಿಲಿಕಾನ್ ಏರಿತು, ಜೊತೆಗೆ ಅಲ್ಯೂಮಿನಿಯಂ, ಕಬ್ಬಿಣ ಕೂಡ. ಸಿಲಿಕಾನ್ ಒಂದೇ ಏರಿದ್ದರೆ ಹೊಸದಾಗಿ ಬಳಿದ ಗ್ಯಾಸ್ಕೆಟ್ ಸೀಲಂಟ್ ಇರಬಹುದೆಂದು ಕಾಯಬಹುದಿತ್ತು. ಮೂರೂ ಒಟ್ಟಿಗೆ ಏರಿದರೆ ಅದು ಮಣ್ಣು, ಮಣ್ಣು ಲೈನರ್‌ನ್ನೂ ರಿಂಗ್‌ಗಳನ್ನೂ ತಿನ್ನುತ್ತಿದೆ. ಏರ್ ಕ್ಲೀನರ್‌ನಿಂದ ಟರ್ಬೋಗೆ ಹೋಗುವ ಹೋಸ್ ಪೈಪಿನ ಕ್ಲಾಂಪ್ ಸಡಿಲವಾಗಿತ್ತು. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು, ಗಾಡಿಯ ಎಳೆತದಲ್ಲೂ ವ್ಯತ್ಯಾಸವಿರಲಿಲ್ಲ. ಕ್ಲಾಂಪ್ ಬದಲಿಸಿ ಹೊಸ ಆಯಿಲ್ ಹಾಕಿದ ಮೇಲಿನ ಸ್ಯಾಂಪಲ್‌ನಲ್ಲಿ ಮೂರೂ ಇಳಿದವು. ಆ ರಿಪೋರ್ಟನ್ನು ಮೆಕ್ಯಾನಿಕ್ ತನ್ನ ಟೂಲ್‌ಬಾಕ್ಸಿನ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದಾನೆ.

ಇಷ್ಟೆಲ್ಲ ಒಳ್ಳೆಯದನ್ನು ಕಂಡವನಿಗೆ ಆ ಟಿಬಿಎನ್ ರಿಪೋರ್ಟು ಬಂದಾಗ ಸಿಟ್ಟು ಬಂದದ್ದು ಸಹಜ. ಡೀಸೆಲ್ ಉರಿದಾಗ ಹುಟ್ಟುವ ಆಮ್ಲವನ್ನು ಕೊಲ್ಲಲು ಆಯಿಲ್‌ನಲ್ಲಿ ಕ್ಷಾರದ ದಾಸ್ತಾನು ಇರುತ್ತದೆ. ಟಿಬಿಎನ್ ಅದರ ಅಳತೆ. ಗಂಧಕ ಹೆಚ್ಚಿರುವ ಡೀಸೆಲ್ ಅದನ್ನು ಬೇಗ ಖಾಲಿ ಮಾಡುತ್ತದೆ, ಗಂಧಕ ಕಡಿಮೆಯಿದ್ದರೆ ನಿಧಾನ. ಟಾಪ್‌ಅಪ್ ಆಗದೆ ಅದು ಏರುವ ಮಾತೇ ಇಲ್ಲ. ನನ್ನ ಪಟ್ಟಿಯಲ್ಲಿ ಅದು 5ರ ಕೆಳಗೆ ಇಳಿದಿತ್ತು, ಮುಂದಿನ ರಿಪೋರ್ಟಿನಲ್ಲಿ 6ರ ಮೇಲೆ ಕೂತಿತ್ತು. ಟಾಪ್‌ಅಪ್ ಒಂದು ಹನಿಯೂ ಆಗಿರಲಿಲ್ಲ.

ಫೋನ್ ಮೇಲೆ ಫೋನ್ ಮಾಡಿದ ಮೇಲೆ ಗೊತ್ತಾಯಿತು, ಲ್ಯಾಬ್ ಪರೀಕ್ಷೆಯ ವಿಧಾನವನ್ನೇ ಬದಲಿಸಿತ್ತು. ಮೊದಲು ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಡಿ4739 ವಿಧಾನ, ಈಗ ಡಿ2896. ಮೊದಲನೆಯದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ, ಎರಡನೆಯದರಲ್ಲಿ ಅದಕ್ಕಿಂತ ತೀಕ್ಷ್ಣವಾದ ಪರ್ಕ್ಲೋರಿಕ್ ಆಮ್ಲ. ತೀಕ್ಷ್ಣ ಆಮ್ಲ ದುರ್ಬಲ ಕ್ಷಾರಗಳನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಬಳಸಿದ ಆಯಿಲ್‌ಗೆ ಸಾಮಾನ್ಯವಾಗಿ ಹೆಚ್ಚಿನ ಅಂಕಿ ಬರುತ್ತದೆ. ಎರಡೂ ಮಾನ್ಯ ವಿಧಾನಗಳೇ. ಆದರೆ ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಡಬಾರದು. ಹೊಸ ಆಯಿಲ್‌ನ ಅರ್ಧಕ್ಕೆ ಇಳಿದಾಗ ಬದಲಿಸು ಎಂಬ ರೂಢಿಯ ನಿಯಮ ಹಿಡಿದವರು ಆ ರಿಪೋರ್ಟ್ ನಂಬಿ ಸತ್ತ ಆಯಿಲ್‌ನಲ್ಲೇ ಗಾಡಿ ಓಡಿಸಿಬಿಡಬಹುದು. ರಿಪೋರ್ಟಿನಲ್ಲಿ ವಿಧಾನದ ಹೆಸರೇ ಇರಲಿಲ್ಲ, ಬದಲಾಯಿಸಿದ್ದೇವೆ ಎಂಬ ಒಂದು ಸಾಲೂ ಇರಲಿಲ್ಲ. ಗ್ರಾಹಕ ದುಡ್ಡು ಕೊಡುವುದು ಒಂದು ದಿನದ ಅಂಕಿಗಲ್ಲ, ಅಂಕಿಗಳ ಸಾಲಿಗೆ. ಆ ಸಾಲನ್ನು ಸದ್ದಿಲ್ಲದೆ ಮುರಿದದ್ದನ್ನು ನಾನು ಸಣ್ಣ ತಪ್ಪೆಂದು ಒಪ್ಪುವುದಿಲ್ಲ.

ಅದೇ ರಿಪೋರ್ಟಿನ ಕೆಂಪು, ಹಳದಿ, ಹಸಿರು ಬಣ್ಣಗಳ ಮೇಲೂ ನನಗೆ ಭರವಸೆ ಕಡಿಮೆಯಾಗಿದೆ. ಹೊಸ ಎಂಜಿನ್ನಿನ ಗಾಡಿಯೊಂದಕ್ಕೆ ತಾಮ್ರ ಜಾಸ್ತಿ ಎಂದು ಕೆಂಪು ಹಚ್ಚಿ ಕಳಿಸಿದ್ದರು. ಹೊಸ ಎಂಜಿನ್‌ಗಳಲ್ಲಿ ಆಯಿಲ್ ಕೂಲರ್‌ನ ತಾಮ್ರ ಆಯಿಲ್‌ಗೆ ಬಿಡುವುದು ಸಾಮಾನ್ಯ, ಕೆಲವು ಆಯಿಲ್ ಬದಲಾವಣೆಗಳಲ್ಲಿ ತಾನಾಗಿ ಇಳಿಯುತ್ತದೆ. ತಾಮ್ರದ ಜೊತೆ ಸೀಸ, ತವರ ಏರಿದರೆ ಆಗ ಬೇರಿಂಗ್‌ನ ಚಿಂತೆ. ಸೋಡಿಯಂ, ಪೊಟ್ಯಾಸಿಯಂ ಏರಿದರೆ ಕೂಲಂಟ್ ಒಳಗೆ ಸೇರುತ್ತಿರಬಹುದು, ಅದಕ್ಕೆ ಬಣ್ಣ ನೋಡದೆ ಗಾಡಿ ನಿಲ್ಲಿಸುತ್ತೇನೆ.

ಲೋಹಗಳನ್ನು ಅಳೆಯುವ ಲ್ಯಾಬಿನ ಸ್ಪೆಕ್ಟ್ರೋಮೀಟರಿಗೆ ಕಾಣುವುದು ತೀರ ಸಣ್ಣ ಕಣಗಳು. ಹತ್ತು ಮೈಕ್ರಾನ್ ಹತ್ತಿರದವೂ ಅದರ ಮೇಲಿನವೂ ಅದರ ಕಣ್ಣಿಗೆ ಹೆಚ್ಚುಕಡಿಮೆ ಬೀಳುವುದೇ ಇಲ್ಲ. ಹಾಗಾಗಿ ಹಳೇ ಆಯಿಲ್ ಫಿಲ್ಟರನ್ನು ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ, ಬೆಳಕಿಗೆ ಹಿಡಿದು, ಆಯಸ್ಕಾಂತ ಆಡಿಸಿ ನೋಡುವುದನ್ನು ಬಿಟ್ಟಿಲ್ಲ.

ಲ್ಯಾಬ್ ಬದಲಿಸಲಿಲ್ಲ, ಬದಲಿಸಿದರೆ ಸಾಲು ಇನ್ನೊಮ್ಮೆ ಮುರಿಯುತ್ತದೆ. ಗಲಾಟೆ ಮಾಡಿದ ಮೇಲೆ ಈಗ ನನ್ನ ಆಯಿಲ್‌ಗೆ ಹಳೆಯ ವಿಧಾನದಲ್ಲೇ ಟಿಬಿಎನ್ ಮಾಡಿ, ವಿಧಾನದ ಹೆಸರನ್ನು ಅಂಕಿಯ ಪಕ್ಕ ಅಚ್ಚು ಹಾಕಿ ಕಳಿಸುತ್ತಿದ್ದಾರೆ. ಹೊಸ ಡ್ರಮ್ ಒಡೆದಾಗಲೆಲ್ಲ, ಗಾಡಿಗೆ ಸುರಿಯುವ ಮುಂಚೆ ಒಂದು ಬಾಟಲಿ ಹೊಸ ಆಯಿಲ್‌ನ್ನೂ ಪರೀಕ್ಷೆಗೆ ಕಳಿಸುತ್ತೇನೆ. ಟ್ರೇಲರ್‌ಗಳ ಅವಧಿಯನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹಾಕುವ ಯೋಚನೆಯಿದೆ. ಆಯಿಲ್ ತಾಳುತ್ತದೆಂದು ಅಂಕಿಗಳು ಹೇಳುತ್ತಿವೆ, ಆದರೆ ಫಿಲ್ಟರ್ ಅಷ್ಟು ದೂರ ತಾಳುತ್ತದೆಂದು ಖಾತ್ರಿಯಾಗುವ ತನಕ ಆ ಹೆಜ್ಜೆ ಇಡುವುದಿಲ್ಲ.