ಇ-ಕೋರ್ಟ್ಸ್ ಆ್ಯಪ್: ಜಮೀನ್ ಕೇಸ್ ಇರೋರ ಫೋನಲ್ಲಿ ಇರ್ಲೇಬೇಕು
ಪಾಲಿನ ಕೇಸಿಗೆ ಮುಂದಿನ ಡೇಟ್ ಯಾವತ್ತು ಅಂತ ಕೇಳೋಕೇ ನಮ್ಮಪ್ಪ ಗದ್ದೆ ಕೆಲಸ ಬಿಟ್ಟು ಮಂಡ್ಯ ಬಸ್ ಹತ್ತೋರು, ಈಗ ಇ-ಕೋರ್ಟ್ಸ್ ಸರ್ವೀಸಸ್ ಆ್ಯಪಲ್ಲಿ ಪ್ರತಿ ಕೇಸಿಗೂ ಬೇರೆ ಬೇರೆ ಇರೋ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಹೊಡೆದ್ರೆ ಕೇಸ್ ಯಾವ ಹಂತದಲ್ಲಿದೆ, ಹೋದ ಡೇಟಲ್ಲಿ ಏನಾಯ್ತು, ಮುಂದೆ ಯಾವತ್ತು, ಅಪ್‌ಲೋಡ್ ಆಗಿದ್ರೆ ಆರ್ಡರ್ ಕಾಪಿನೂ ಸಿಗುತ್ತೆ, ಎಲ್ಲಾ ಫ್ರೀ. ಪಾರ್ಟಿ ಹೆಸರಲ್ಲೂ ಹುಡುಕ್ಬೋದು, ಆದ್ರೆ ನಮ್ಮ ಕಡೆ ಬರೀ ಸಿದ್ದೇಗೌಡ ಅಂತ ಹಾಕಿದ್ರೆ ಲಿಸ್ಟ್ ಮುಗಿಯಲ್ಲ, ಅದಕ್ಕೇ ವಕೀಲರ ಹತ್ರ ಸಿಎನ್‌ಆರ್ ಬರೆಸ್ಕೊಂಡ್ಬಿಡಿ. ಪಹಣಿಗೆ ಭೂಮಿ ವೆಬ್‌ಸೈಟ್, ಅದ್ ಬೇರೆ. ಫೀಸಿಗೆ ದುಡ್ಡಿಲ್ಲ ಅಂತ ಸುಮ್ನಿರೋ ಹೆಣ್ಮಕ್ಳಿಗೆ ದಯವಿಟ್ಟು ಕಾನೂನು ನೆರವಿನ ಹೆಲ್ಪ್‌ಲೈನ್ 15100 ನಂಬರ್ ಕೊಡಿ, ಆದಾಯ ಎಷ್ಟೇ ಇರ್ಲಿ ಹೆಂಗಸರಿಗೆ, ಎಸ್‌ಸಿ ಎಸ್‌ಟಿಯೋರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನ ಕೊಡ್ತಾರೆ.