ನೆಕ್ಕರ್ ದಡದ ಎರಡು ಊರುಗಳು: ಹೈಡೆಲ್‌ಬರ್ಗಿಗಿಂತ ನನಗೆ ಟ್ಯೂಬಿಂಗನ್ ಏಕೆ ಮೇಲು

ಜರ್ಮನಿಯಲ್ಲಿ ನದಿಯ ದಡದ ಹಳೆಯ ಊರೊಂದನ್ನು ನೋಡಬೇಕೆಂದು ಯಾರು ಕೇಳಿದರೂ ಮೊದಲು ಬರುವ ಉತ್ತರ ಹೈಡೆಲ್‌ಬರ್ಗ್. ಸ್ಟುಟ್‌ಗಾರ್ಟಿನ ಬಳಿ ನೆಲೆಸಿರುವ ನಾನು ಧಾರವಾಡದಿಂದ ಬಂದ ಅಪ್ಪ, ಅಮ್ಮನನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋದೆ. ಅದೇ ರಜೆಯಲ್ಲಿ ಟ್ಯೂಬಿಂಗನ್ನಿಗೂ ಹೋಗಿ ಬಂದೆವು. ಎರಡನ್ನೂ ನೋಡಿದ ಮೇಲೆ, ನಮ್ಮಂಥ ಕುಟುಂಬಕ್ಕೆ ಒಂದನ್ನೇ ಆರಿಸಬೇಕಾದರೆ ಟ್ಯೂಬಿಂಗನ್ನನ್ನೇ ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇವೆರಡನ್ನು ಹೋಲಿಸುವುದು ನ್ಯಾಯವೂ ಹೌದು. ಎರಡೂ ನೆಕ್ಕರ್ ನದಿಯ ಊರುಗಳು. ನದಿ ಮೊದಲು ಟ್ಯೂಬಿಂಗನ್ನನ್ನು ಹಾಯ್ದು, ಸ್ಟುಟ್‌ಗಾರ್ಟಿನ ಬದಿಯಲ್ಲಿ ಹರಿದು, ಹೈಡೆಲ್‌ಬರ್ಗನ್ನು ದಾಟಿದ ಮೇಲೆ ಮಾನ್‌ಹೈಮಿನಲ್ಲಿ ರೈನ್ ನದಿಯನ್ನು ಸೇರುತ್ತದೆ. ಹೈಡೆಲ್‌ಬರ್ಗಿನ ವಿಶ್ವವಿದ್ಯಾಲಯ 1386ರಲ್ಲಿ, ಟ್ಯೂಬಿಂಗನ್ನಿನದು 1477ರಲ್ಲಿ ಆರಂಭವಾದವು. ಎರಡನೆಯ ಮಹಾಯುದ್ಧದ ಬಾಂಬುಗಳಿಂದಲೂ ಇವೆರಡೂ ಬಹುಮಟ್ಟಿಗೆ ಪಾರಾದವು.

ಹೈಡೆಲ್‌ಬರ್ಗಿನಲ್ಲಿ ನಮ್ಮನ್ನು ಕಾಡಿದ ಒಂದೇ ತೊಂದರೆಯೆಂದರೆ ರೈಲು ನಿಲ್ದಾಣ. ಹಿಂದೆ ಮುಖ್ಯ ನಿಲ್ದಾಣವು ಹಳೆಯ ಪೇಟೆಯ ಪಶ್ಚಿಮದ ಅಂಚಿನಲ್ಲಿಯೇ ಇತ್ತು. 1955ರಲ್ಲಿ ಅದನ್ನು ಇನ್ನೂ ಪಶ್ಚಿಮಕ್ಕೆ ಸ್ಥಳಾಂತರಿಸಿದರು. ಅಂದಿನಿಂದ ರೈಲಿನಿಂದ ಇಳಿದವರಿಗೆ ಕಾಣುವುದು ಕಚೇರಿಗಳು ಮತ್ತು ವಿಶಾಲವಾದ ರಸ್ತೆಗಳು ಮಾತ್ರ. ನದಿಯಾಗಲಿ, ಕೋಟೆಯಾಗಲಿ, ಹಳೆಯ ಸೇತುವೆಯಾಗಲಿ ಹತ್ತಿರದಲ್ಲೆಲ್ಲೂ ಇಲ್ಲ. ನಾವು ಕಾದಿರಿಸಿದ್ದ ಕೋಣೆ ಹಳೆಯ ಪೇಟೆಯ ಪೂರ್ವದ ತುದಿಯಲ್ಲಿತ್ತು. ಅದರ ಮಾಲೀಕರು ಕಳುಹಿಸಿದ್ದ ಸೂಚನೆಯಲ್ಲಿ, ಟ್ರಾಮಿನಲ್ಲಿ ಬಿಸ್ಮಾರ್ಕ್ ಚೌಕಕ್ಕೆ ಬಂದು ಅಲ್ಲಿಂದ ಮುಖ್ಯ ಬೀದಿಯಲ್ಲಿ ನೇರವಾಗಿ ನಡೆದು ಬನ್ನಿ ಎಂದಷ್ಟೇ ಬರೆದಿತ್ತು. ಆ ಮುಖ್ಯ ಬೀದಿಯ ಉದ್ದ ಸುಮಾರು ಒಂದೂವರೆ ಕಿಲೋಮೀಟರು. ಅದು ಪಾದಚಾರಿಗಳಿಗಾಗಿಯೇ ಮೀಸಲಾದ ಬೀದಿ.

ಶನಿವಾರದ ಮಧ್ಯಾಹ್ನದ ಜನಜಂಗುಳಿಯಲ್ಲಿ ಸೂಟ್‌ಕೇಸುಗಳನ್ನು ಎಳೆದುಕೊಂಡು ಹೋಗುವುದು ನನಗೆ ಶ್ರಮವಷ್ಟೇ, ಆದರೆ ಮೊಣಕಾಲು ನೋವಿರುವ ಅಮ್ಮನಿಗೆ ಅದು ನಿಜವಾದ ಹಿಂಸೆಯಾಯಿತು. ಅಡ್ಡಬೀದಿಗೆ ತಿರುಗಿದ ಮೇಲೆ ಕಲ್ಲುಹಾಸಿನ ನಡುವಿನ ಸಂದುಗಳಲ್ಲಿ ಸೂಟ್‌ಕೇಸಿನ ಚಕ್ರಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವು, ಕೊನೆಗೆ ಅಪ್ಪ ಅದನ್ನು ಎತ್ತಿಕೊಂಡೇ ನಡೆದರು. ಕೋಣೆ ತಲುಪುವ ಹೊತ್ತಿಗೆ ಆ ದಿನ ಇನ್ನೇನನ್ನೂ ನೋಡುವ ಉತ್ಸಾಹ ಇಬ್ಬರಲ್ಲೂ ಉಳಿದಿರಲಿಲ್ಲ.

ಹೋಗುವವರು ತಿಳಿದಿರಬೇಕಾದ ಸಂಗತಿ ಇಷ್ಟು: ಪೇಟೆಯ ಪೂರ್ವದ ತುದಿಯಲ್ಲಿ, ಕಾರ್ಲ್ಸ್‌ಟೋರ್ ಎಂಬ ಹೆಬ್ಬಾಗಿಲಿನ ಬಳಿ, ಹೈಡೆಲ್‌ಬರ್ಗ್ ಆಲ್ಟ್‌ಸ್ಟಾಟ್ ಎಂಬ ಚಿಕ್ಕ ನಿಲ್ದಾಣವೊಂದಿದೆ. ಮುಖ್ಯ ನಿಲ್ದಾಣದಿಂದ ಎಸ್-ಬಾನ್ ಎಂಬ ಸ್ಥಳೀಯ ರೈಲು ಹಿಡಿದರೆ ಕೆಲವೇ ನಿಮಿಷಗಳಲ್ಲಿ ಅಲ್ಲಿ ಇಳಿಯಬಹುದು. ಹಿಂದಿರುಗುವಾಗ ನಾವು ಆ ದಾರಿಯಲ್ಲೇ ಬಂದೆವು, ಯಾವ ಕಷ್ಟವೂ ಆಗಲಿಲ್ಲ.

ಟ್ಯೂಬಿಂಗನ್ನಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ನಿಲ್ದಾಣದಿಂದ ಸುಮಾರು ಹತ್ತು ನಿಮಿಷ ನಡೆದರೆ ನೆಕ್ಕರ್ ಸೇತುವೆ ಸಿಗುತ್ತದೆ, ಸೇತುವೆಯ ಮೇಲೆ ನಿಂತರೆ ಊರಿನ ಅತ್ಯುತ್ತಮ ನೋಟ ಕಣ್ಣೆದುರಿಗೇ ಇರುತ್ತದೆ. ಸೇತುವೆಯಿಂದ ನದಿಯ ನಡುಗಡ್ಡೆಗೆ ಇಳಿದರೆ ಎರಡು ಸಾಲಿನಲ್ಲಿ ಬೆಳೆದ ಮುದಿ ಪ್ಲೇನ್ ಮರಗಳ ನೆರಳಿನ ದಾರಿಯಿದೆ, ಕುಳಿತುಕೊಳ್ಳಲು ಬೆಂಚುಗಳಿವೆ. ಎದುರು ದಡದಲ್ಲಿ ನೀರಿಗೆ ತಾಗಿದಂತೆ ಬಣ್ಣಬಣ್ಣದ ಮನೆಗಳ ಸಾಲು, ಅದರಲ್ಲಿ ಮೊನಚು ಮಾಡಿನ ಹಳದಿ ಗೋಪುರವೊಂದು. ಹೋಲ್ಡರ್ಲಿನ್ ಎಂಬ ಮಹಾಕವಿ ಮನಸ್ಸಿನ ಸ್ಥಿಮಿತ ಕಳೆದುಕೊಂಡ ಮೇಲೆ, 1807ರಿಂದ 1843ರಲ್ಲಿ ತೀರಿಕೊಳ್ಳುವವರೆಗೆ, ಅಲ್ಲಿ ಒಬ್ಬ ಬಡಗಿಯ ಕುಟುಂಬದ ಆರೈಕೆಯಲ್ಲಿ ಬದುಕಿದ. ಮೂವತ್ತಾರು ವರ್ಷ ಒಬ್ಬ ರೋಗಿಯನ್ನು ತಮ್ಮವನೆಂದು ನೋಡಿಕೊಂಡ ಆ ಕುಟುಂಬದ ಬಗ್ಗೆ ಅಪ್ಪ ಹೋದಲ್ಲೆಲ್ಲ ಮಾತನಾಡಿದರು.

ನದಿಯನ್ನು ಅನುಭವಿಸುವ ರೀತಿಯಲ್ಲೂ ವ್ಯತ್ಯಾಸವಿದೆ. ಹೈಡೆಲ್‌ಬರ್ಗಿನಲ್ಲಿ ನೆಕ್ಕರ್ ಅಗಲವಾಗಿದ್ದು, ಸರಕಿನ ಹಡಗುಗಳೂ ಪ್ರವಾಸಿಗರ ದೊಡ್ಡ ದೋಣಿಗಳೂ ಓಡಾಡುತ್ತವೆ. ಟ್ಯೂಬಿಂಗನ್ನಿನಲ್ಲಿ ಅದು ಮಂದವಾದ, ಆಳವಿಲ್ಲದ ಹೊಳೆ. ಅಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಷ್ಟೋಖರ್‌ಕಾನ್ ಎಂಬ ಉದ್ದನೆಯ, ಚಪ್ಪಟೆ ತಳದ ಮರದ ದೋಣಿಗಳು ನಡೆಯುತ್ತವೆ. ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ಅಂಬಿಗ ಹಿಂಬದಿಯಲ್ಲಿ ನಿಂತು, ತನಗಿಂತ ಮೂರು ಪಟ್ಟು ಉದ್ದದ ಗಳುವನ್ನು ನೀರಿಗೆ ಬಿಟ್ಟು, ಅದು ತಳ ಮುಟ್ಟಿದೊಡನೆ ಮೈಭಾರ ಹಾಕಿ ಒತ್ತುತ್ತಾನೆ. ನಂತರ ಎರಡೂ ಕೈಗಳನ್ನು ಒಂದರ ಮೇಲೊಂದು ಸರಿಸುತ್ತ ಗಳುವನ್ನು ಮೇಲೆಳೆಯುವಾಗ ಅದರಿಂದ ಇಳಿಯುವ ನೀರು ಅವನ ಮೊಣಕೈವರೆಗೂ ಹರಿಯುತ್ತದೆ. ನಮ್ಮ ದೋಣಿಯ ಅಂಬಿಗ ಅಲ್ಲಿಯ ವಿದ್ಯಾರ್ಥಿಯಾಗಿದ್ದ. ಅಮ್ಮ ಕಾಲು ಚಾಚಿ ಕುಳಿತು ಇಡೀ ಊರನ್ನು ನೋಡಿದ್ದು ಆ ದೋಣಿಯಿಂದಲೇ.

ಕೋಟೆಯ ವಿಷಯದಲ್ಲಿ ಹೈಡೆಲ್‌ಬರ್ಗೇ ಮೇಲು, ಇದರಲ್ಲಿ ಎರಡು ಮಾತಿಲ್ಲ. ಕೆಂಪು ಮರಳುಗಲ್ಲಿನ ಆ ಅರಮನೆಯನ್ನು ಫ್ರೆಂಚ್ ಸೈನ್ಯ 1689ರಲ್ಲಿಯೂ 1693ರಲ್ಲಿಯೂ ಹಾಳುಗೆಡವಿತು, 1764ರಲ್ಲಿ ಸಿಡಿಲು ಬಡಿದು ಉಳಿದದ್ದೂ ಸುಟ್ಟಿತು. ಆದರೂ ಹಂಪಿಯನ್ನು ಕಂಡ ಕಣ್ಣಿಗೂ ಅದರ ಗಾಂಭೀರ್ಯ ಕಡಿಮೆಯೆನಿಸುವುದಿಲ್ಲ. ಗುಡ್ಡ ಹತ್ತಲು ಹಗ್ಗದ ರೈಲು ಇರುವುದರಿಂದ ಹಿರಿಯರಿಗೂ ತೊಂದರೆಯಿಲ್ಲ. ಆದರೆ ಅದೇ ಯುದ್ಧದಲ್ಲಿ ಪೇಟೆಯೂ ಸುಟ್ಟುಹೋದ ಕಾರಣ, ಇಂದು ಅಲ್ಲಿ ಕಾಣುವ ಮನೆಗಳಲ್ಲಿ ಹೆಚ್ಚಿನವು ಹದಿನೆಂಟನೆಯ ಶತಮಾನದಲ್ಲಿ ಹಳೆಯ ಬೀದಿಗಳ ಜಾಡಿನಲ್ಲೇ ಕಟ್ಟಿದವು. ಟ್ಯೂಬಿಂಗನ್ನಿನಲ್ಲಿ ಅದಕ್ಕೂ ಹಿಂದಿನ ಮರದ ಚೌಕಟ್ಟಿನ ಮನೆಗಳು ಬೀದಿಗೆ ವಾಲಿಕೊಂಡು ನಿಂತಿವೆ. 1435ರಲ್ಲಿ ಕಟ್ಟಲು ತೊಡಗಿದ ಪುರಭವನದ ಮುಂಭಾಗದಲ್ಲಿ 1511ರ ಖಗೋಳ ಗಡಿಯಾರ ಇಂದಿಗೂ ಇದೆ.

ಟ್ಯೂಬಿಂಗನ್ನಿನ ಕೋಟೆ ಹೊರನೋಟಕ್ಕೆ ಸಾಧಾರಣ. ಆದರೆ ಅದರ ಹಳೆಯ ಅಡುಗೆಮನೆಯಲ್ಲಿ ವಿಶ್ವವಿದ್ಯಾಲಯದ ಪ್ರಯೋಗಾಲಯವಿದ್ದಾಗ, 1869ರಲ್ಲಿ ಫ್ರೀಡ್ರಿಷ್ ಮೀಷರ್ ಎಂಬ ಯುವ ವೈದ್ಯ ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ, ಇಂದು ನಾವು ಡಿಎನ್‌ಎ ಎನ್ನುವ ವಸ್ತುವನ್ನು ಮೊದಲ ಬಾರಿಗೆ ಬೇರ್ಪಡಿಸಿದ. ಆ ಕಮಾನಿನ ಕೋಣೆಯನ್ನು ನೋಡಬಹುದು. ಅದೇ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಹಿಮಯುಗದ ಮನುಷ್ಯರು ಮಹಾಗಜದ ದಂತದಲ್ಲಿ ಕೆತ್ತಿದ ಕುದುರೆಯಿದೆ: ಐದು ಸೆಂಟಿಮೀಟರಿಗೂ ಚಿಕ್ಕದು, ಮೂವತ್ತು ಸಾವಿರ ವರ್ಷಗಳಿಗೂ ಹಳೆಯದು, ಕತ್ತಿನ ಬಾಗು ಮಾತ್ರ ಇಂದಿನ ಶಿಲ್ಪಿ ಕೆತ್ತಿದಷ್ಟು ನಯ.

ಕನ್ನಡಿಗರಿಗೆ ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಇದೇ ನಿರ್ಣಾಯಕ. 1853ರಲ್ಲಿ ಕನ್ನಡ ನಾಡಿಗೆ ಬಂದು, ಹಲವು ದಶಕಗಳ ದುಡಿಮೆಯಿಂದ 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟೆಲ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಟ್ಯೂಬಿಂಗನ್ನಿನಲ್ಲಿ. ಆ ಊರಿನ ವಿಶ್ವವಿದ್ಯಾಲಯವೇ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು, 1903ರಲ್ಲಿ ಅವರು ಅಲ್ಲಿಯೇ ನಿಧನರಾದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದ ಹರ್ಮನ್ ಮೋಗ್ಲಿಂಗ್ ದೇವತಾಶಾಸ್ತ್ರ ಓದಿದ್ದೂ ಇದೇ ಊರಿನಲ್ಲಿ. ಕನ್ನಡ ಮೇಷ್ಟ್ರಾಗಿ ನಿವೃತ್ತರಾದ ಅಪ್ಪ ದಿನವೂ ಕಿಟೆಲ್ ಕೋಶ ತೆರೆಯುತ್ತಿದ್ದವರು. ಆ ಬೀದಿಗಳಲ್ಲಿ ಅವರು ನಡೆದ ರೀತಿಯೇ ಬೇರೆಯಾಗಿತ್ತು.

ಊಟಕ್ಕೆ ಎರಡೂ ಕಡೆ ಚೀಸ್ ಬೆರೆಸಿದ ಷ್ಪೆಟ್ಸ್ಲೆ (ಹಿಟ್ಟು, ಮೊಟ್ಟೆಯಿಂದ ಮಾಡುವ ದಪ್ಪ ಶಾವಿಗೆಯಂಥ ತಿನಿಸು) ಸಿಗುತ್ತದೆ, ಮೊಟ್ಟೆ ತಿನ್ನುವ ಸಸ್ಯಾಹಾರಿಗಳಿಗೆ ಚಿಂತೆಯಿಲ್ಲ. ಭಾನುವಾರ ಎರಡೂ ಕಡೆ ಅಂಗಡಿಗಳು ಮುಚ್ಚಿರುತ್ತವೆ. ಟ್ಯೂಬಿಂಗನ್ನಿನಲ್ಲಿ ಹೋಟೆಲುಗಳು ಕಡಿಮೆ, ಮೊದಲೇ ಕಾದಿರಿಸಬೇಕು. ಸೇತುವೆಯಿಂದ ಮಾರುಕಟ್ಟೆ ಚೌಕಕ್ಕೆ ಸಣ್ಣ ಏರೂ ಇದೆ.

ಫ್ರಾಂಕ್‌ಫರ್ಟಿನಲ್ಲಿ ವಿಮಾನ ಇಳಿದು, ಒಂದೇ ದಿನ ಕೈಯಲ್ಲಿದ್ದು, ಭವ್ಯವಾದ ಕೋಟೆಯೊಂದನ್ನು ನೋಡಲೇಬೇಕೆನ್ನುವವರು ಹೈಡೆಲ್‌ಬರ್ಗಿಗೇ ಹೋಗಲಿ. ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನಾನು ಲೆಕ್ಕ ಹಾಕಿ ಖರ್ಚು ಮಾಡುವವನು, ಹಿರಿಯರ ಜೊತೆ ನಿಧಾನವಾಗಿ ನಡೆಯುವವನು, ಒಂದೇ ಬೆಂಚಿನ ಮೇಲೆ ಗಂಟೆಗಟ್ಟಲೆ ಕುಳಿತರೂ ಬೇಸರಪಡದವನು. ಸ್ಟುಟ್‌ಗಾರ್ಟಿನಿಂದ ಟ್ಯೂಬಿಂಗನ್ನಿಗೆ ಒಂದು ಗಂಟೆಯೊಳಗೆ ತಲುಪಿಸುವ ಪ್ರಾದೇಶಿಕ ರೈಲಿನಲ್ಲಿ ನನ್ನ ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ಟೇ ನಡೆಯುತ್ತದೆ, ಅಲ್ಲಿ ರಾತ್ರಿ ತಂಗುವ ಅಗತ್ಯವೂ ಇಲ್ಲ. ಮುಂದಿನ ಬೇಸಿಗೆಯಲ್ಲಿ ಅಕ್ಕ, ಭಾವ ಬರುವಾಗ ಅವರಿಗೆ ನಾನು ತೋರಿಸಲಿರುವುದು ಟ್ಯೂಬಿಂಗನ್ನನ್ನೇ.