ಚಿಪ್ಸ್‌ಗೆ ಯಾವುದು ವಾಸಿ: ಆಲೂಗಡ್ಡೆಯೋ, ಮರಗೆಣಸೋ, ಸಿಹಿಗೆಣಸೋ?

ಮನೆಯಲ್ಲೇ ಚಿಪ್ಸ್ ಕರಿಯುವುದಾದರೆ ನನ್ನ ಓಟು ಮರಗೆಣಸಿಗೆ. ರುಚಿಯಲ್ಲಿ ಆಲೂಗಡ್ಡೆ ಒಂದು ಕೈ ಮೇಲೇ, ಆದರೆ ಬಿಸಿ ಆರುತ್ತಿದ್ದ ಹಾಗೇ ತಿಂದು ಮುಗಿಸಬೇಕು. ಸಿಹಿಗೆಣಸಿನ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಮೂರನ್ನೂ ಒಂದೇ ಸ್ಲೈಸರ್‌ನಲ್ಲಿ ಹೆಚ್ಚಿ, ಒಂದೇ ಥರದ ಎಣ್ಣೆಯಲ್ಲಿ ಕರಿದು ನೋಡಿದ್ದೇನೆ.

ಆಲೂಗಡ್ಡೆಯಲ್ಲಿ ಹತ್ತಿರ ಹತ್ತಿರ 80% ನೀರೇ. ಇದು ನಿಜಕ್ಕೂ ಬೇರಲ್ಲ, ಮಣ್ಣೊಳಗೆ ಉಬ್ಬಿದ ಕಾಂಡ, ಆದರೆ ಬಾಣಲೆಗೆ ಅದೆಲ್ಲ ಯಾಕೆ ಬೇಕು ಅಲ್ವಾ? ಬಾಣಲೆಗೆ ಲೆಕ್ಕ ಇರುವುದು ಆ ನೀರಿನದು. ಬಿಲ್ಲೆಗಳನ್ನು ಎಣ್ಣೆಗೆ ಬಿಟ್ಟ ಕೂಡಲೇ ನೊರೆ ಉಕ್ಕಿ ಮೇಲೆ ಬರುತ್ತದೆ, ಒಂದೇ ಸಲ ಜಾಸ್ತಿ ಸುರಿದರೆ ಎಣ್ಣೆಯ ಕಾವು ಇಳಿದು ಚಿಪ್ಸ್ ಎಣ್ಣೆ ಕುಡಿದು ಜೋಲುತ್ತದೆ. ಹೆಚ್ಚಿದ ಮೇಲೆ ನೀರು ತಿಳಿಯಾಗುವ ತನಕ ತೊಳೆಯಲೇಬೇಕು. ಮೇಲಿನ ಗಂಜಿ ಹೋಗದಿದ್ದರೆ ಒಂದಕ್ಕೊಂದು ಅಂಟಿಕೊಂಡು, ಒಳಗೆ ಬೇಯುವ ಮೊದಲೇ ಅಂಚು ಕೆಂಪಾಗುತ್ತದೆ. ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒರೆಸಿ ಬಿಡಿ. ಗುಳ್ಳೆ ನಿಂತು ಬಾಣಲೆ ಸದ್ದು ಮಾಡುವುದು ಬಿಟ್ಟಿತು ಅಂದರೆ ನೀರು ಹೋಯಿತು ಅಂತ, ತಕ್ಷಣ ತೆಗೆಯಿರಿ.

ಇನ್ನೊಂದು ಮಾತು. ಫ್ರಿಜ್‌ನಲ್ಲಿಟ್ಟ ಆಲೂಗಡ್ಡೆ ಚಿಪ್ಸ್‌ಗೆ ಬೇಡವೇ ಬೇಡ. ತಂಪಿನಲ್ಲಿ ಅದರ ಗಂಜಿ ಸಕ್ಕರೆಯಾಗುತ್ತದೆ. ಕರಿದಾಗ ಕಂದು ಬಣ್ಣ, ಕಹಿ ರುಚಿ. ಹೀಗೆ ಜಾಸ್ತಿ ಕೆಂಪಾದಷ್ಟೂ ಅಕ್ರಿಲಮೈಡ್ ಅನ್ನುವ ಬೇಡದ ವಸ್ತುವೂ ಜಾಸ್ತಿ. ಕರಿದ, ಬೇಕ್ ಮಾಡಿದ ತಿಂಡಿಗಳಲ್ಲಿ ಅದು ಇದೆ ಅಂತ ಸ್ವೀಡನ್ನಿನವರು 2002ರಲ್ಲಿ ಹೇಳಿದಾಗ ದೊಡ್ಡ ಸುದ್ದಿಯೇ ಆಗಿತ್ತು. ಹೊಂಬಣ್ಣಕ್ಕೇ ನಿಲ್ಲಿಸಿ.

ಮರಗೆಣಸಿನಲ್ಲಿ ಕಷ್ಟ ಎಲ್ಲಾ ಮೊದಲಿಗೇ. ಹೊರಗಿನ ಕಂದು ಸಿಪ್ಪೆಯ ಕೆಳಗೆ ಇನ್ನೊಂದು ದಪ್ಪ ಬಿಳಿ ಪದರ ಇರುತ್ತದೆ, ಅದೂ ಹೋಗಬೇಕು. ಉದ್ದಕ್ಕೆ ಚಾಕುವಿನಿಂದ ಒಂದು ಗೀರು ಹಾಕಿ ಹೆಬ್ಬೆರಳು ತೂರಿಸಿದರೆ ಎರಡೂ ಒಟ್ಟಿಗೆ ಕಳಚಿ ಬರುತ್ತವೆ. ಕಹಿ ಜಾತಿಯನ್ನು ಮುಟ್ಟಲೇಬೇಡಿ, ಅದರಲ್ಲಿ ಸಯನೈಡ್ ಬಿಡುವ ಅಂಶ ಜಾಸ್ತಿ, ಸುಮ್ನೆ ಎಣ್ಣೆಯಲ್ಲಿ ಕರಿದರೆ ಹೋಗುವಂಥದ್ದಲ್ಲ. ಸಿಹಿ ಜಾತಿಯಲ್ಲೂ ಅದು ಸ್ವಲ್ಪ ಇದ್ದೇ ಇರುತ್ತದೆ. ಅದಕ್ಕೇ ಹೆಚ್ಚಿದ ಬಿಲ್ಲೆಗಳನ್ನು ನೀರಲ್ಲಿ ನೆನೆಸಿ, ಒಂದು ಕುದಿ ಬರಿಸಿ, ಆ ನೀರು ಚೆಲ್ಲಿ ಆಮೇಲೆ ಕರಿಯುತ್ತೇನೆ. ತಾಜಾ ಗೆಡ್ಡೆಯೇ ಬೇಕು, ಕಿತ್ತು ಎರಡು ಮೂರು ದಿನವಾದರೆ ಒಳಗೆ ನೀಲಿ ಕಪ್ಪು ಗೆರೆ ಬರುತ್ತದೆ.

ಇಷ್ಟಾದ ಮೇಲೆ ಆರಾಮ. ಆಲೂಗಡ್ಡೆಗಿಂತ ನೀರು ಕಡಿಮೆ, ಗಂಜಿ ಜಾಸ್ತಿ, ಹಾಗಾಗಿ ನೊರೆಯೂ ಕಡಿಮೆ, ಬಣ್ಣ ಅಷ್ಟು ಬೇಗ ತಿರುಗುವುದಿಲ್ಲ. ಒಂದು ನಿಮಿಷ ಆಚೆ ಈಚೆ ಆದರೂ ಕೈ ಕೊಡುವುದಿಲ್ಲ. ಕಚ್ಚಿದರೆ ಕಟಕ್ ಅಂತ ಒಡೆಯುತ್ತದೆ. ಆದರೆ ಬಿಲ್ಲೆ ದಪ್ಪವಾಯಿತೋ, ಹಲ್ಲಿಗೇ ಪರೀಕ್ಷೆ.

ಸಿಹಿಗೆಣಸು ನನ್ನ ಪ್ರಕಾರ ತಲೆನೋವು. ಸಕ್ಕರೆ ಇರುವುದರಿಂದ ನೀರು ಹೋಗುವ ಮೊದಲೇ ಬಣ್ಣ ಬಂದುಬಿಡುತ್ತದೆ, ಅಂಚು ಕಪ್ಪು, ನಡು ಮೆತ್ತಗೆ. ಉರಿ ಸಣ್ಣ ಮಾಡಿ ನಿಧಾನಕ್ಕೆ ಕರಿದರೆ ಪರವಾಗಿಲ್ಲ ಅನ್ನಬಹುದು. ಖಾರದ ಪುಡಿ ಉದುರಿಸಿದರೆ ಆ ಸಿಹಿ ಖಾರ ಮಜಾ ಇರುತ್ತದೆ ನಿಜ, ಆದರೆ ಅದಕ್ಕಾಗಿ ಒಲೆ ಮುಂದೆ ಅಷ್ಟು ಹೊತ್ತು ನಿಲ್ಲುವ ತಾಳ್ಮೆ ನನಗಿಲ್ಲ.

ಡಬ್ಬಕ್ಕೆ ಹಾಕಿಟ್ಟು ಮಾರನೇ ದಿನ ತೆಗೆದಾಗ ಸಿಹಿಗೆಣಸಿನದು ಚರ್ಮದ ಹಾಗೆ ಬಾಗುತ್ತಿತ್ತು. ಆಲೂಗಡ್ಡೆಯದು ಅರ್ಧ ಗರಿಗರಿ, ಅರ್ಧ ಮೆತ್ತಗೆ. ಮರಗೆಣಸು ಮಾತ್ರ ನಿನ್ನೆಯ ಹಾಗೇ ಇತ್ತು. ಪೂರ್ತಿ ಆರುವ ಮೊದಲು ಮುಚ್ಚಳ ಹಾಕಿದರೆ ಇದೂ ಕೆಡುತ್ತದೆ. ವಯಸ್ಸಾದವರು, ಹಲ್ಲು ಗಟ್ಟಿ ಇಲ್ಲದವರು ಇದ್ದರೆ ಮರಗೆಣಸು ಬಿಟ್ಟು ಆಲೂಗಡ್ಡೆಯನ್ನೇ ತೆಳ್ಳಗೆ ಕರಿದು, ಬಿಸಿ ಇರುವಾಗಲೇ ಉಪ್ಪು ಉದುರಿಸಿ ಕೊಡಿ. ಆರಿದ ಮೇಲೆ ಹಾಕಿದ ಉಪ್ಪು ಅಂಟುವುದಿಲ್ಲ, ಎಲ್ಲಾ ಡಬ್ಬದ ತಳಕ್ಕೇ ಸೇರುತ್ತದೆ.